ಮೂವರ ಸೀಟು

ಮಂಗಳವಾರ ನನ್ನ ವಾರದ ರಜೆ.
ಚಿಂತಾಮಣಿ ಡಿಪೋದ ಒಂಬತ್ತು ವರ್ಷದ ನಿಲುವನ್ನು
ಕಾಲಿಂದ ಕಳಚಿಟ್ಟು
ಅಂಗಳದಲ್ಲಿ ಹಲಗೆ ಹರವಿದೆ.

ಮಾವಿನ ಹಲಗೆ ಎರಡು, ನೀಲಗಿರಿ ಗೂಟ ನಾಲ್ಕು,
ಬಾಬಾಜಾನರ ಸಾಮಿಲ್ಲಿನಲ್ಲಿ ತೂಕಕ್ಕೆ ಕೊಂಡದ್ದು.
"ನೀಲಗಿರಿ ನಂಬಬೇಡಮ್ಮ," ಅಂದಿದ್ದರು,
"ಒಣಗ್ತಾ ಒಣಗ್ತಾ ತಿರುಚಿಕೊಳ್ತದೆ
ಬೀಗರ ಮಾತಿನ ಹಾಗೆ."
ನಂಬಲಿಲ್ಲ. ಅಗ್ಗವಿತ್ತು, ತಂದೆ.

ಕೀಸುಳಿ ಎದುರುಮನೆ ಮೌನಾಚಾರಿಯದು.
ಕೊಡುವ ಮೊದಲು ಅದರ ಬಾಯಿಯನ್ನೊಮ್ಮೆ
ಹೆಬ್ಬೆರಳಲ್ಲಿ ಸವರಿದರು,
ಮಗಳನ್ನು ಕೊಟ್ಟ ಮನೆಗೆ ಬುದ್ಧಿ ಹೇಳುವವರ ದನಿಯಲ್ಲಿ
"ಎಳೆ ನೋಡಿ ನೂಕು ತಾಯಿ,
ಎದುರು ನೂಕಿದರೆ ಕಚ್ಚುತ್ತೆ."

ಎದುರೇ ನೂಕಿದೆ. ಕಚ್ಚಿತು.
ಹಲಗೆ ತಿರುಗಿಸಿ ನೂಕಿದೆ.
ಸುರುಳಿ, ಸುರುಳಿ, ಮತ್ತೆ ಸುರುಳಿ,
ಹರಿಯಲು ಮರೆತ ಟಿಕೆಟ್ ರೋಲಿನ ಹಾಗೆ
ಬಂತು ಮಾವು.
ಊರಿನ ಹೆಸರಿಲ್ಲ, ದರವಿಲ್ಲ,
ಉಪ್ಪಿನಕಾಯಿ ಜಾಡಿ ತೊಳೆದಿಟ್ಟ ಮರುದಿನದ
ಒಂದು ಹುಳಿ ವಾಸನೆ, ಅಷ್ಟೆ.

ಎತ್ತರ ಎಷ್ಟಿರಬೇಕು?
ಅದು ನನಗೆ ಬಾಯಿಪಾಠವಲ್ಲ, ತೊಡೆಪಾಠ.
ಕೈವಾರ ಕ್ರಾಸಿನ ತಿರುವಿನಲ್ಲಿ
ಚಿಲ್ಲರೆ ಎಣಿಸುತ್ತ ಒರಗಿ ಒರಗಿ
ಸೀಟಿನಂಚು ಗುರುತು ಹಾಕಿದೆಯಲ್ಲ, ಅಲ್ಲಿಂದ ಅಳೆದೆ.
ಹದಿನೆಂಟು ಅಂಗುಲ.

ಕೊಯ್ದೆ, ಕೊರೆದೆ, ಸ್ಕ್ರೂ ತಿರುವಿದೆ.
ನಿಲ್ಲಿಸಿದೆ. ಕುಂಟಿತು.
ರಸಮಟ್ಟ ಇಟ್ಟರೆ ಒಳಗಿನ ಗುಳ್ಳೆ
ಕಾಲೇಜು ಹುಡುಗನಂತೆ ಓಡಿ ಕಿಟಕಿ ಪಕ್ಕ ಕೂತಿತು.
ಆ ಕಾಲು ಅರ್ಧ ಅಂಗುಲ ಕತ್ತರಿಸಿದೆ.
ಗುಳ್ಳೆ ಈ ಕಡೆಗೆ ಓಡಿತು.
ಈ ಕಾಲು ಒಂದಂಗುಲ.
ಮತ್ತೆ ಆ ಕಡೆ.
ಹಿಂದಿನದು, ಮುಂದಿನದು, ಛಲಕ್ಕೆ ಎರಡೂ.
ಮಧ್ಯಾಹ್ನದ ಮುದ್ದೆ ಆರಿ ಕಲ್ಲಾಯಿತು.

ಮೌನಾಚಾರಿ ಗೇಟಿಗೆ ಮೊಣಕೈ ಊರಿ
ಎಷ್ಟು ಹೊತ್ತಿಂದ ನೋಡುತ್ತಿದ್ದರೋ.
"ಬೆಂಚಿಗಲ್ಲಮ್ಮ, ನೆಲಕ್ಕಿಡು ಮಟ್ಟ."
ಇಟ್ಟೆ.
ಅಂಗಳವೇ ಮೋರಿಯ ಕಡೆಗೆ ವಾಲಿತ್ತು.
ನಾನೇ ಗಾರೆ ಹಾಕಿಸಿದ್ದು,
ಮಳೆ ನೀರು ನಿಲ್ಲಬಾರದೆಂದು.
ಮರೆತಿದ್ದೆ.

ಉಳಿದದ್ದು ಹನ್ನೊಂದು ಅಂಗುಲ.
ಬೆಂಚಿಗೆ ಗಿಡ್ಡ, ಮಣೆಗೆ ಎತ್ತರ.
ಕೂತರೆ ಮೊಣಕಾಲು ಗದ್ದಕ್ಕೆ ಬಂತು.
ನಗು ಬಂತು, ಸ್ವಲ್ಪ ಅಳುವೂ.

ಸಂಜೆ ಸೊಪ್ಪಿನ ಅಲಿವೇಲಮ್ಮ
ದಂಟು, ಚಕ್ಕೋತ, ಸಬ್ಬಸಿಗೆ ಕೂಗುತ್ತ ಬಂದಳು.
ಬೆಳಗಿನ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ
ಮೆಟ್ಟಿಲ ಮೇಲೇ ಕೂರುವವಳು.
ಎಷ್ಟು ಬೈದಿದ್ದೇನೆ:
ಬಾಗಿಲಲ್ಲಿ ಕೂರಬೇಡ, ಬಿದ್ದು ಸತ್ತರೆ ನನ್ನ ತಲೆಗೆ!

ಕೇಳದೆ ಕೇಳಿಸದೆ
ಕುಕ್ಕೆ ಇಳಿಸಿ ಬೆಂಚಿನ ಮೇಲೆ ಕೂತಳು.
ಎರಡು ಪಾದ, ಪೂರಾ ಹಿಮ್ಮಡಿ,
ನೆಲಕ್ಕೆ ಊರಿದವು.
"ಇದು ಸೀಟು ನೋಡು ಕಂಡಕ್ಟ್ರಮ್ಮಾ," ಅಂದಳು,
"ನಿಮ್ಮ ಬಸ್ಸಲ್ಲಿ ಕಾಲು ಜೋತು ಬಿದ್ದು
ಊರು ಬರೋಷ್ಟರಲ್ಲಿ ಜೋಮು ಹಿಡಿತದೆ."
ಒಂಬತ್ತು ವರ್ಷ ಅವಳಿಗೆ ಟಿಕೆಟ್ ಹರಿದಿದ್ದೇನೆ.
ಕಾಲು ನೋಡಿರಲಿಲ್ಲ.

ಪಕ್ಕ ಕೂತೆ. ಇಬ್ಬರ ನಡುವೆ ಕುಕ್ಕೆ.
ಮೌನಾಚಾರಿ ಬಂದು ಹಲಗೆ ತಟ್ಟಿ ನೋಡಿದರು,
ಏನೂ ಅನ್ನಲಿಲ್ಲ.
ಅಭ್ಯಾಸಬಲ,
"ಸ್ವಲ್ಪ ಸರೀರಿ, ಮೂವರ ಸೀಟದು," ಅಂದೆ.

ಬಾಬಾಜಾನ್ ಹೇಳಿದ್ದು ಸುಳ್ಳಾಗಲಿಲ್ಲ.
ಯುಗಾದಿಯ ಬಿಸಿಲಿಗೆ ನೀಲಗಿರಿ ಕಾಲೊಂದು
ಮೈಮುರಿದು ಬೇಲಿಯ ಕಡೆ ತಿರುಗಿತು.
ಕುಂಟು ಮರಳಿ ಬಂತು.
ಒಲೆಗೆ ಹಾಕದೆ ಉಳಿಸಿದ್ದ ತುಂಡುಗಳಲ್ಲಿ ಹುಡುಕಿ
ಅದೇ ಕಾಲಿನ ಅರ್ಧ ಅಂಗುಲವನ್ನು
ಅದೇ ಕಾಲಿನ ಕೆಳಗೆ
ಹಿಮ್ಮಡಿಯಿಂದ ಒದ್ದು ಸೇರಿಸಿದೆ.

ಐದೂ ನಲವತ್ತರ ಬಸ್ಸಿಗೆ ಹೊತ್ತಾಗಿತ್ತು.