ಅರ್ಧ ಮುಖದ ಲೆಕ್ಕ

ಗುತ್ತಲು ರಸ್ತೆಯ ನಮ್ಮ ಸ್ಟುಡಿಯೋದಲ್ಲಿ
ಹಗಲೆಲ್ಲ ನೆರಳು ಒರೆಸುವುದೇ ಕೆಲಸ.
ಕಿವಿ ಎರಡೂ ಕಾಣಬೇಕು, ಹಿಂದೆ ಬಿಳಿ ಪರದೆ,
ಹಲ್ಲು ಬಿಡುವಂತಿಲ್ಲ, ಮೂಗಿನ ಕೆಳಗೆ
ಕಪ್ಪು ಬಿದ್ದರೆ ಅರ್ಜಿ ವಾಪಸ್ಸು.
ಎಡಕ್ಕೊಂದು ಛತ್ರಿ ದೀಪ, ಬಲಕ್ಕೊಂದು,
ನಡುವೆ ಮುಖ,
ಹೆಂಚಿಗೆ ತಟ್ಟಿದ ಅಕ್ಕಿರೊಟ್ಟಿ.
ಎಂಟು ಪ್ರತಿ, ಕತ್ತರಿ, ಕವರು.
ಮುಂದಿನವರು ಬನ್ನಿ.

ರಾತ್ರಿ, ಷಟರು ಅರ್ಧ ಎಳೆದ ಮೇಲೆ,
ಒಂದು ದೀಪ ಆರಿಸುತ್ತೇನೆ.
ಇದು ನನ್ನ ಕಳ್ಳವಿದ್ಯೆ.
ಮೊದಲು ಕೂತದ್ದು ಒಂದು ತೆಂಗಿನಕಾಯಿ:
ಜುಟ್ಟಿದೆ, ಮೂರು ಕಣ್ಣಿದೆ, ಮಿಟುಕಿಸುವುದಿಲ್ಲ,
'ಬೇಗ ಮಾಡಿ, ಬಸ್ ಹೋಯ್ತದೆ' ಅನ್ನುವುದಿಲ್ಲ.
ಬಲ್ಬು ಮೇಲಿಂದ ಹಿಡಿದರೆ ಸನ್ಯಾಸಿ,
ಕೆಳಗಿಂದ ಹಿಡಿದರೆ ದೆವ್ವ,
ಪಕ್ಕದಿಂದ, ಒಸಿ ಹಿಂದಕ್ಕೆ ಸರಿಸಿದರೆ
ಏನೋ ಹೇಳಲು ಬಂದು
ಬೇಡವೆಂದು ಸುಮ್ಮನಾದವನು.

ಅಪ್ಪನ ಹಳೆ ಪಂಚೆ ಅಡ್ಡ ಕಟ್ಟಿದೆ, ಬೆಳಕು ಮೆತ್ತಗಾಯಿತು.
ಫ್ರಿಜ್ಜಿನ ಡಬ್ಬದ ಥರ್ಮಕೋಲು ಎದುರಿಟ್ಟೆ,
ಕತ್ತಲೆಗೂ ಕೊಂಚ ಕಣ್ಣು ಬಂತು.
ಅಡುಗೆಮನೆಯ ಒಂದ್ರಿ ಹಿಡಿದೆ, ಕಾಯಿಗೆ ಸಿಡುಬು.
ಕೊನೆಗೆ ಕರಿ ಕಂಬಳಿ ತಂದು
ನೆರಳಿನ ಮಗ್ಗುಲಿಗೆ ನಿಲ್ಲಿಸಿದರೆ
ಉಳಿದ ಬೆಳಕನ್ನೂ ಅದು ಕುಡಿದುಬಿಟ್ಟಿತು,
ಬಿಸಿಲಲ್ಲಿ ಬಂದವರು ಮಜ್ಜಿಗೆ ಕುಡಿದ ಹಾಗೆ, ಗೊಟಗೊಟ.
(ಆ ಕಾಯಿ ಮರುದಿನ ಚಟ್ನಿಯಾಯಿತು.
ಫೋಟೋ ಇನ್ನೂ ಇದೆ.)

ಹೊಂಬಾಳಮ್ಮ ಬಂದದ್ದು
ಬೀದಿ ವ್ಯಾಪಾರದ ಗುರುತಿನ ಚೀಟಿಗೆ.
ಬಸ್ ಸ್ಟ್ಯಾಂಡಿನ ಆಚೆ ಕಬ್ಬಿನ ಹಾಲಿನ ಗಾಡಿ.
ಇಪ್ಪತ್ತು ವರ್ಷ ಗಾಣದ ಚಕ್ರ ತಿರುಗಿಸಿದ ಬಲಗೈ
ಎಡಗೈಗಿಂತ ದಪ್ಪ.
ಪಾಸ್‌ಪೋರ್ಟ್ ಅಳತೆಯಲ್ಲಿ ಕೈ ಬರುವುದಿಲ್ಲ.
ಎಂಟು ಪ್ರತಿ ಕೊಟ್ಟೆ.
'ಯಾರೋ ಇದ್ದಂಗವಳೆ' ಅಂದಳು,
ಸೆರಗಿಗೆ ಗಂಟು ಹಾಕಿಕೊಂಡಳು.

'ಇನ್ನೊಂದ್ ತೆಗಿತೀನಿ, ಕೂತ್ಕೊಳಿ.'
ಒಂದು ದೀಪ ಆರಿಸಿದೆ.
'ಯಾಕವ್ವ, ಕರೆಂಟ್ ಬಿಲ್ ಜಾಸ್ತಿ ಬಂತಾ?'
ಗಲ್ಲ ಬಾಗಿಲ ಕಡೆ, ಇನ್ನೊಂದು ಚೂರು, ಸಾಕು.
ಕಣ್ಣು ಮಾತ್ರ ನನ್ನ ಕಡೆ.
ಆಗ, ಕತ್ತಲಾದ ಕೆನ್ನೆಯ ಮೇಲೆ, ಕಣ್ಣಿನಡಿ,
ಒಂದು ತುಣುಕು ಬೆಳಕು ದಾರಿ ತಪ್ಪಿ ಬಂದು ಕೂತಿತು,
ಮೂರು ಮೂಲೆಯದು, ಬಳಪದ ಚೂರಿನಷ್ಟು.
ಅದಕ್ಕಾಗಿ ಮೂರು ತಿಂಗಳು
ತೆಂಗಿನಕಾಯಿಯ ಮುಂದೆ ಮಂಡಿಯೂರಿದ್ದೆನಲ್ಲ!
ಕಾಯಿಗೆ ಮೂಗಿಲ್ಲ,
ಮೂಗಿಲ್ಲದೆ ಅದು ಹುಟ್ಟುವುದೆಲ್ಲಿಂದ.
ಒತ್ತಿದೆ.

ಕ್ಯಾಮೆರಾದ ಬೆನ್ನಿನಲ್ಲಿ ನೋಡಿದಳು.
'ಇನ್ನರ್ಧ ಮೊಕ ಎಲ್ಲೋಯ್ತು?'
'ನೆರಳಲ್ಲಿದೆ.'
'ಅರ್ಧ ಲೋಟ ಹಾಲು ಕೊಟ್ಟು
ಪೂರಾ ಕಾಸು ಈಸ್ಕಂಡ್ರೆ ನನ್ ಗಿರಾಕಿ ಬುಟ್ಟಾರಾ?'
ನಕ್ಕೆವು.
ನಗು ನಿಂತ ಮೇಲೂ ಅವಳು ಕ್ಯಾಮೆರಾ ಕೊಡಲಿಲ್ಲ.
ಹೆಬ್ಬೆರಳು ಕಿವಿಯ ಕೆಳಗಿನ ಮೂಳೆಗೆ ಹೋಯಿತು,
ಮೊದಲು ಚಿತ್ರದಲ್ಲಿ, ಆಮೇಲೆ ತನ್ನದರಲ್ಲಿ.
'ಇದು ನಮ್ ಸೋದರತ್ತೆ ದವಡೆ ಕಣವ್ವ.
ಗಂಡುಬೀರಿ ಅಂತ ಊರೆಲ್ಲ ಬೈಯೋರು.
ನಂಗೆ ಬಂದಿಲ್ಲ ಅನ್ಕಂಡಿದ್ದೆ.'
ಮೆಲ್ಲಗೆ ಹಲ್ಲು ಕಚ್ಚಿ ನೋಡಿದಳು.
ಆ ದವಡೆ ನನ್ನೆದುರೇ ಎದ್ದು ಬಂತು,
ಎರಡೂ ದೀಪ ಉರಿಯುವಾಗ ಎಲ್ಲಿತ್ತೋ.

ಅರ್ಧ ದುಡ್ಡು ಕೊಟ್ಟಳು, ಎಣಿಸಿ.
ಫೋಟೋ ದೊಡ್ಡದೇ ಬೇಕೆಂದಳು.
ಉದ್ರಿ ಪುಸ್ತಕದಲ್ಲಿ ಬರೆದಿಟ್ಟೆ:
ಹೊಂಬಾಳಮ್ಮ, ಅರ್ಧ ಮುಖ, ಬಾಕಿ.

ಮರುದಿನ ಮಟಮಟ ಮಧ್ಯಾಹ್ನ
ಹುಡುಗನ ಕೈಲಿ ಕಬ್ಬಿನ ಹಾಲು ಬಂತು,
ಶುಂಠಿ ಹಾಕಿ, ನಿಂಬೆ ಹಿಂಡಿ,
ಸರಿಯಾಗಿ ಅರ್ಧ ಲೋಟ.
'ಉಳಿದದ್ದು ನೆರಳಲ್ಲೈತಂತೆ' ಅಂದ.