ಇಪ್ಪತ್ತನಾಲ್ಕು ಡಿಗ್ರಿ

ತೆಂಗಿನೆಣ್ಣೆ ಮತ್ತೆ ಕಲ್ಲಾಗಿದೆ.
ಗಂಗೊಳ್ಳಿಯ ಗಾಣದ್ದು, ತಂಗಿ ಕಟ್ಟಿಕೊಟ್ಟದ್ದು;
ಬಾಟಲಿ ಬೋರಲು ಹಾಕಿದರೂ
ಒಂದು ಹನಿ ಬೀಳುವುದಿಲ್ಲ.

ವಾದಿ ಕಬೀರಿನ ಈ ಕೋಣೆಯಲ್ಲಿ ಎಂಟು ಮಂಚ,
ಅಂದರೆ ನಾಲ್ಕು, ಒಂದರ ತಲೆಯ ಮೇಲೊಂದು.
ಒಂದೇ ಏಸಿ. ಅದರ ರಿಮೋಟು
ಬಾವುಂಞಿಯ ದಿಂಬಿನಡಿ.
ಹದಿನೆಂಟಕ್ಕಿಳಿಸಿ ಮಲಗುತ್ತಾನೆ.
ಹಗಲಿಡೀ ಕ್ರೇನಿನ ಕಾದ ಡಬ್ಬಿಯಲ್ಲಿ ಬೆಂದವನಿಗೆ
ಯಾರು ಏನು ಹೇಳುವುದು?

ನಾನು ಅಲ್ ಖೌದಿನ ಲ್ಯಾಬಿನಲ್ಲಿ ಗಾಜು ತೊಳೆಯುವವ.
ಬೀಕರು, ಫ್ಲಾಸ್ಕು, ಕತ್ತುದ್ದದ ಕೊಳವೆ,
ಬೇಯಿಸಿ ಕೊಂದ ಮೇಲೆ ನನ್ನ ಸಿಂಕಿಗೆ ಬರುವ ತಟ್ಟೆಗಳು.
ಅವುಗಳಲ್ಲಿ ಏನಿತ್ತೆಂದು
ಏಳು ವರ್ಷ ನಾನು ಕೇಳಿರಲಿಲ್ಲ.

ಒಂದು ರಾತ್ರಿ ಡಾಕ್ಟರ್ ರಹ್ಮಾ ಬಾಗಿಲಿಗೆ ಬಂದು
"ಶೂಫ್, ಶೂಫ್," ಅಂದರು.
ಅಷ್ಟು ಖುಷಿ ಆಗಿತ್ತು, ತೋರಿಸಲು ಬೇರೆ ಯಾರೂ ಇರಲಿಲ್ಲ.
ಕತ್ತಲೆ ಕೋಣೆ. ಪರದೆಯಲ್ಲಿ ಒಂದೇ ಒಂದು ಜೀವಕೋಶ,
ಒಳಗೆ ಹಸಿರು ಹನಿಗಳು,
ಸಾರಿನ ಮೇಲೆ ತೇಲುವ ಒಗ್ಗರಣೆಯ ಹಾಗೆ.
ಎರಡು ಹತ್ತಿರ ಬಂದವು. ಮುಟ್ಟಿದವು. ಸ್ವಲ್ಪ ನಾಚಿ
ಒಂದಾದವು.

ಗೋಡೆ ಇಲ್ಲ ಇದಕ್ಕೆ, ಎಂದರು. ಸಿಪ್ಪೆಯೂ ಇಲ್ಲ.
ಫ್ಲೂ ವೈರಸ್ಸಿನ ಬರಹ ಎಂಟು ತುಂಡು;
ಎಂಟೂ ಕೂಡಬೇಕು, ಒಂದು ತಪ್ಪಿದರೆ
ಹೊರಬೀಳುವುದು ಓದಲಾಗದ ಕಾಗದ.
ಅವು ಒಂದನ್ನೊಂದು ಹುಡುಕುವುದು
ಈ ಹರಿಯುವ ಹನಿಯೊಳಗೇ ಇರಬೇಕು.

ಎಂಟು! ನನಗೆ ನಗು ಬಂತು.
ಬಾವುಂಞಿ, ರೋಲ್ಪಾದ ಪದಮ್, ಸಿಲೆಟ್ಟಿನ ಅಣ್ಣತಮ್ಮ,
ಕುಂಞಿಕಣ್ಣ, ನಿಜಾಮಾಬಾದಿನ ಎಲ್ಲಯ್ಯ,
ರಾತ್ರಿಪಾಳಿಯ ಪೆದ್ರು
(ಅವನ ಮುಖ ನಾನು ಕಂಡದ್ದು ಶುಕ್ರವಾರಗಳಲ್ಲಿ ಮಾತ್ರ),
ಮತ್ತೆ ನಾನು.
ನಗಲಿಲ್ಲ. ಕಾರಣ ಹೇಳುವಷ್ಟು ಅರಬಿ ನನಗೆ ಬರುವುದಿಲ್ಲ.

ಇನ್ನೊಂದು ತಟ್ಟೆ ಇಟ್ಟರು. ಇದಕ್ಕೆ ಮದ್ದು ಬಿದ್ದಿದೆ.
ಹನಿಗಳು ಇದ್ದವು, ಅಷ್ಟೇ ಹಸಿರು,
ಆದರೆ ಹತ್ತಿರ ಬಂದು ಹಾಗೇ ನಿಂತವು
ಮಾತು ಬಿಟ್ಟ ದಾಯಾದಿಗಳಂತೆ.
ಕೊಂದಿಲ್ಲ, ಒಡೆದಿಲ್ಲ. ಗಟ್ಟಿ ಮಾಡಿದೆ ಅಷ್ಟೇ.
ಒಳಗಿದ್ದದ್ದು ಒಳಗೇ ಸಿಕ್ಕಿಕೊಂಡಿದೆ.

"ಏಸಿಯಲ್ಲಿಟ್ಟ ತೆಂಗಿನೆಣ್ಣೆ," ಅಂದೆ.
ಅವರಿಗೆ ತಿಳಿಯಲಿಲ್ಲ.
ಮರುದಿನ ಬಾಟಲಿ ಒಯ್ದು ತೋರಿಸಿದೆ.
ಕಿಟಕಿಯ ಬಿಸಿಲಿಗೆ ಇಟ್ಟರು, ಫ್ರಿಜ್ಜಿಗೆ ಇಟ್ಟರು,
ಥರ್ಮಾಮೀಟರು ಹಿಡಿದು ಮಗುವಿನಂತೆ ಕಾದರು.
ಇಪ್ಪತ್ತನಾಲ್ಕು, ಎಂದು ಬರೆದುಕೊಂಡರು.

ಅಕ್ಟೋಬರಿನಲ್ಲಿ ನಮ್ಮ ಕೋಣೆಗೇ ಬಂತು ಜ್ವರ.
ಮೊದಲು ಸಿಲೆಟ್ಟಿನ ತಮ್ಮ, ಆಮೇಲೆ ಅಣ್ಣ,
ಮೂರನೇ ದಿನ ಬಾವುಂಞಿ, ಹಲ್ಲು ಕಟಕಟ.
ಎಂಟು ಜನರ ಉಸಿರಿಗೆ ಎಲ್ಲಿಯ ಗೋಡೆ.

"ನಿಮ್ಮ ಲ್ಯಾಬಲ್ಲಿ ಮದ್ದು ಉಂಟಂತಲ್ಲ,
ಒಂದು ಚಮಚ ತಾ ಮಾರಾಯ."
"ಅದು ಇನ್ನೂ ಇಲಿಗಳಿಗೆ."
"ನಾನೇನು ಆನೆಯಾ?" ಅಂದ, ಕೆಮ್ಮಿ ಕೆಮ್ಮಿ ನಕ್ಕ.

ಪನಡಾಲ್ ಕೊಟ್ಟೆವು. ಪದಮ್ ಗಂಜಿ ಬೇಯಿಸಿದ.
ರಿಮೋಟು ತೆಗೆದು ಏಸಿ ಆರಿಸಿದವ ಪೆದ್ರು;
ಆ ಕಿಟಕಿ ತೆರೆಯುತ್ತದೆಂದು ಅಂದೇ ಗೊತ್ತಾದದ್ದು.
ರಸ್ತೆಯ ಬಿಸಿಗಾಳಿ, ಡೀಸೆಲ್ಲು, ಎಲ್ಲೋ ಹುರಿದ ಮೀನು.
ನಡುರಾತ್ರಿಗೆ ಬಾಟಲಿಯೊಳಗೆ
ಬಿಳಿ ಗಡ್ಡೆ ಕದಲಿತು, ಬದಿ ಬಿಟ್ಟಿತು,
ತಿಳಿಯಾಯಿತು.
ಬಾವುಂಞಿಯ ನೆತ್ತಿಗೆ ಸುರಿದು ತಟ್ಟಿದೆ.
ಹರಿಯಿತು, ಕಿವಿಯ ಹಿಂದಕ್ಕೂ, ದಿಂಬಿಗೂ.

ಅವನೊಳಗೆ ಆಗ ಎಷ್ಟು ಹನಿಗಳು
ಹೀಗೇ ಹರಿಯುತ್ತಿದ್ದವೋ,
ಕೈ ಒಂದು ಕ್ಷಣ ನಿಂತಿತು.

ಈಗ ಎದ್ದಿದ್ದಾನೆ, ಕ್ರೇನಿಗೆ ಹೋಗುತ್ತಾನೆ.
ರಿಮೋಟು ದಿಂಬಿನಡಿ. ಹದಿನೆಂಟು.
ನಾನು ಬಾಟಲಿಯನ್ನು ಕಂಕುಳಲ್ಲಿಟ್ಟು,
ಜ್ವರ ನೋಡುವವನ ಹಾಗೆ,
ಮಂಚದ ತುದಿಯಲ್ಲಿ ಕೂತಿದ್ದೇನೆ.
ಬಸ್ಸಿಗೆ ಇನ್ನೂ ಹತ್ತು ನಿಮಿಷ ಇದೆ.