ಉಫ್ ಅನ್ನದ ಇಂಜಿನ್ನು

ಶಿವರಾತ್ರಿ ಕಳೆದು ಮೂರನೇ ದಿನ.
ಹೊಳೆ ಬಸ್‌ಸ್ಟಾಪಿನ ಹುಣಸೆ ನೆರಳು ಇನ್ನೂ ಗಾಡಿಯ ಮೇಲಿದೆ,
ಹತ್ತೂವರೆಗೆ ಸರಿದುಬಿಡುತ್ತದೆ.
ಭದ್ರಾವತಿ ಕಡೆಯ ಕಬ್ಬು ಎರಡು ಹೊರೆ
ಹೆರೆದು, ನಿಂಬೆಹಣ್ಣು ಸೀಳಿ, ಲೋಟ ಬೋರಲು ಹಾಕಿ
ಹಗ್ಗ ಎಳೆದೆ.

ಗರ್ರ್ ಅಂತು. ಸುಮ್ಮನಾಯಿತು.
ಇನ್ನೊಂದು ಸಲ. ಗರ್ರ್.
ಮದುವೆಗೆ ಕರೆಯದೆ ಬಿಟ್ಟ ನಾದಿನಿಯ ಹಾಗೆ
ಮುಖ ಕೊಡ್ತದೆ, ಮಾತು ಕೊಡಲ್ಲ.

ಜಬೀವುಲ್ಲ ಸಾಗರಕ್ಕೆ ಹೋಗಿದ್ದಾನೆ, ತಂಗಿ ಮಗುವಿಗೆ ಹೆಸರಿಡೋ ದಿನ.
ಹೋದ ವರ್ಷ ಸ್ಪ್ಯಾನರಿನಲ್ಲಿ ಬೆನ್ನು ತುರಿಸಿಕೊಳ್ಳುತ್ತ ಹೇಳಿದ್ದ:
"ಮೂರೇ ಅಕ್ಕಾ. ಎಣ್ಣೆ, ಕಿಡಿ, ಗಾಳಿ.
ಇಷ್ಟಿದ್ದರೆ ಹೆಣಾನೂ ಎದ್ದು ಕೂರ್ತದೆ."

ಜೂನಿನಲ್ಲಿ ಟಾರ್ಪಲ್ ಹೊದಿಸುವಾಗ ಟ್ಯಾಂಕಿನಲ್ಲೇ ಬಿಟ್ಟ ಪೆಟ್ರೋಲು
ಹಳೇ ಬಣ್ಣದ ಡಬ್ಬಿಯ ವಾಸನೆ ಹೊಡೆಯುತ್ತಿತ್ತು.
ಬಾಟಲಿಗೆ ಬಗ್ಗಿಸಿ ಹೊಸದು ಅರ್ಧ ಲೀಟರ್ ಹುಯ್ದೆ.
ಕಾರ್ಬೊರೇಟರಿನ ಬಟ್ಟಲು ಬಿಚ್ಚಿದರೆ
ತಳದಲ್ಲಿ ಬೆಲ್ಲದ ಗಸಿಯಂಥದು.
ಒರೆಸಿ, ಜೆಟ್ಟಿನ ತೂತಿಗೆ ಸ್ಟೌ ಪಿನ್ನು ಆಡಿಸಿ
ಬಾಯಿಟ್ಟು ಊದಿದೆ.
ನಾಲಿಗೆ ಸಂಜೆ ತನಕ ಚುರುಗುಟ್ಟಿತು.

ಒಂದು ಕಡಜ ಆಗಿಂದ ಸುತ್ತುತ್ತಿದೆ.
ಕಬ್ಬಿನ ಸಿಹಿಗೆ ಬಂದಿದ್ದು ಅಂದುಕೊಂಡು
ಗರಿ ಬೀಸಿದೆ. ಹೋಯಿತು. ಬಂತು.

ಪ್ಲಗ್ ಬಿಚ್ಚಿದೆ. ಒದ್ದೆ. ಅಂದರೆ ಎಣ್ಣೆ ಬರ್ತಿದೆ.
ಒರೆಸಿ, ಕ್ಯಾಪಿಗೆ ಸಿಕ್ಕಿಸಿ, ಇಂಜಿನ್ನಿನ ಮೈಗೆ ತಾಗಿಸಿದೆ.
ಈ ಬೆಳಕಿನಲ್ಲಿ ಕಿಡಿ ಕಾಣೋದು ಹೇಗೆ?
ಸೆರಗನ್ನು ತಲೆಯಿಂದ ಅದರ ಮೇಲಕ್ಕೂ ಎಳೆದುಕೊಂಡೆ,
ಇಬ್ಬರಿಗೂ ಒಂದೇ ಮುಸುಕು.
ಹಗ್ಗ ಎಳೆದರೆ
ಟಕ್,
ಎಳ್ಳಿನಷ್ಟು ನೀಲಿ.
ನಾಲ್ಕು ಬೇಸಿಗೆ ದುಡಿಸಿದ್ದೇನೆ.
ಅದರ ಒಳಗಿನ ಬಣ್ಣ ನೋಡಿದ್ದು ಇವತ್ತೇ.

ಹೊರಗೆ ಬರುವಷ್ಟರಲ್ಲಿ ಜನ.
ಲೈನ್‌ಮನ್ ಚೌಡಪ್ಪ: "ಚೋಕ್ ಪೂರಾ ಎಳಿ."
ತೀರ್ಥಹಳ್ಳಿ ಬಸ್ಸಿನ ಕಂಡಕ್ಟರು: "ಚೋಕ್ ಮುಟ್ಟಲೇಬೇಡ."
ಯಾರೋ: "ಸ್ವಿಚ್ ಆನ್ ಇದೆಯೇನಮ್ಮ?"
ಎಲ್ಲ ನಕ್ಕರು. ನಾನೂ ನಕ್ಕೆ,
ನಗುತ್ತಲೇ ಕದ್ದು ನೋಡಿದೆ. ಆನ್ ಇತ್ತು.

ಫಿಲ್ಟರಿನ ಸ್ಪಂಜು ತೊಳೆದು ಹಿಂಡಿದ್ದಾಯಿತು.
ಪ್ಲಗ್ ಬಿಗಿದು ಇಪ್ಪತ್ತು ಸಲ, ಇಪ್ಪತ್ತೊಂದು.
ಅಂಗೈಯಲ್ಲಿ ಹಗ್ಗದ ಗೆರೆ ಎದ್ದಿತು.
ನೆರಳು ಸರಿದಿತ್ತು.
ಚೌಡಪ್ಪನಿಗೆ ಕಂಬದಿಂದ ಕರೆ ಬಂತು, ಕಂಡಕ್ಟರು ಸೀಟಿ ಊದಿದ.

ಉಳಿದವಳು ನರ್ಸಿಂಗ್ ಓದುವ ಸೆಲಿನ್, ದಿನಾ ಇಲ್ಲೇ ಬಸ್ಸು ಕಾಯುವವಳು.
"ಎಳೀರಿ ಆಂಟಿ," ಅಂದು
ಸೈಲೆನ್ಸರಿನ ಬಾಯಿಗೆ ಅಂಗೈಯ ಹಿಂಬದಿ ಹಿಡಿದಳು,
ವಾರ್ಡಿನಲ್ಲಿ ಮೂಗಿನ ಹತ್ತಿರ ಹಿಡಿಯುವ ಹಾಗೆ.
ಎಳೆದೆ.
"ಬರ್ತಾನೇ ಇಲ್ಲ," ಅಂದಳು.

ಬಗ್ಗಿ ನೋಡಿದೆ. ಒಳಗೆ ಕೆಂಪು ಮಣ್ಣು,
ಉಗುರಲ್ಲಿ ಒತ್ತಿ ನುಣುಪು ಮಾಡಿದಂಥ ಮುಚ್ಚಳ.
ಕೊಡೆಕಡ್ಡಿ ಹಾಕಿ ಮೀಟಿದೆ.
ಪುಡಿ, ಪುಡಿ, ಆಮೇಲೆ ಒಂದು ಇಡೀ ಗಡ್ಡೆ;
ಅದರೊಳಗೆ ಒತ್ತೊತ್ತಾಗಿ ತುಂಬಿದ ಹಸಿರು ಜೇಡಗಳು.
ಒಂದು ಕಾಲು ಇನ್ನೂ ಆಡುತ್ತಿತ್ತು.
ನಡುವೆ ಅನ್ನದ ಅಗುಳಿನಷ್ಟು ಮರಿ.

ಜಬೀವುಲ್ಲ, ನಾಲ್ಕನೆಯದು ಹೇಳೋದು ಮರೆತೆಯಲ್ಲೋ.

ಎರಡನೇ ಎಳೆತಕ್ಕೆ ಕೆಮ್ಮಿತು,
ಮೂರನೆಯದಕ್ಕೆ ಬಸ್‌ಸ್ಟಾಪೆಲ್ಲ ನೀಲಿ ಹೊಗೆ.
ಸೆಲಿನ್ ಚಪ್ಪಾಳೆ ತಟ್ಟಿದಳು, ಬಸ್ಸು ತಪ್ಪಿಸಿಕೊಂಡಳು,
ಮೊದಲ ಲೋಟಕ್ಕೆ ದುಡ್ಡು ಕೊಡಲು ಬಂದಳು, ಬೈದೆ.

ಗಡ್ಡೆಯನ್ನು ಸೇತುವೆ ಕಡೆಯ ಕಟ್ಟೆಯ ಮೇಲೆ
ನೆರಳಿದ್ದಲ್ಲಿ ಇಟ್ಟು ಬಂದಿದ್ದೆ.
ಕಡಜ ಅತ್ತ ತಿರುಗಲೂ ಇಲ್ಲ.
ಬಾಯಲ್ಲಿ ಹೊಸ ಮಣ್ಣಿನುಂಡೆ ಕಚ್ಚಿಕೊಂಡು
ಸೈಲೆನ್ಸರಿನ ಬಾಯಿಗೇ ಬಂತು, ಬಿಸಿಗೆ ಹಿಂದೆ ಸರಿಯಿತು,
ಮತ್ತೆ ಬಂತು.

"ಅಕ್ಕಾ, ಎರಡು ಲೋಟ. ಒಂದಕ್ಕೆ ಐಸ್ ಬೇಡ."
ಕಬ್ಬು ಮಡಚಿ ರೋಲರಿಗೆ ಕೊಟ್ಟೆ.